ಮೂರನೇ ಕಂಬದ ಪಕ್ಕ

೧೯ ಫೆಬ್ರವರಿ ೨೦೧೯, ಮಂಗಳವಾರ

ಲಿವಿಯೋ ಮಾತೆಶಿಚ್ ಇವತ್ತು ನನ್ನ ಫೋಟೋವನ್ನು ಎರಡನೇ ಸಲ ಕದ್ದ. ಈ ಸಲ ಅದಕ್ಕಾಗಿ ಅವನು ಹಾಸಿಗೆಯಿಂದ ಏಳಬೇಕಾಗಿಯೂ ಬರಲಿಲ್ಲ.

ಸಾರ್ಡಿನ್ ಮೀನು ತರೋಣವೆಂದು ಹೊರಟಿದ್ದೆ. ಕೋರ್ಸೋ ಬೀದಿಯ ಗಡಿಯಾರದ ಕೆಳಗೆ ಆಳೆತ್ತರದ ಪೋಸ್ಟರ್ ಅಂಟಿಸಿದ್ದಾರೆ. 'ಲಿವಿಯೋ ಮಾತೆಶಿಚ್: ನಲವತ್ತು ವರ್ಷ, ಒಂದು ಕಣ್ಣು.' ಏಪ್ರಿಲ್ ಹನ್ನೆರಡರಿಂದ ಸಂಗ್ರಹಾಲಯದಲ್ಲಿ ಪ್ರದರ್ಶನವಂತೆ. ಒಂದು ಕಣ್ಣಂತೆ! ಇನ್ನೊಂದು ಕಣ್ಣು ಪಕ್ಕದವರ ನೆಗೆಟಿವ್ ಮೇಲಿತ್ತು ಎಂದೂ ಬರೆಸಬೇಕಿತ್ತು.

ಪೋಸ್ಟರಿನ ತುಂಬ ಅದೇ ಫೋಟೋ. ಎಂಬತ್ತೈದರ ಮೇ ತಿಂಗಳು, ಗುಡ್ಡದ ಮೇಲಿನ ಕ್ರೀಡಾಭವನ, 'ಒಂಬತ್ತನೇ ಧಕ್ಕೆ' ತಂಡದ ರಾಕ್ ಕಛೇರಿ. ಹಾಡುಗಾರ ಎದಿ ಶ್ಕಾರಾ ಮಂಡಿಯೂರಿ ಕಣ್ಣು ಮುಚ್ಚಿದ್ದಾನೆ. ಜನರ ನಡುವಿನಿಂದ ಯಾರದೋ ಕೈ ಮೇಲೆದ್ದು, ಮಗುವಿಗೆ ಜ್ವರ ನೋಡುವ ಹಾಗೆ, ಅವನ ಹಣೆಯ ಮೇಲೆ ಕೂತಿದೆ. ಹಿಂದೆ ಡ್ರಮ್ಮರ್ ಎರಡೂ ಕೋಲುಗಳನ್ನು ತಲೆಯ ಮೇಲೆತ್ತಿ ನಿಂತಿದ್ದಾನೆ. ಈ ಊರಿನಲ್ಲಿ ಆ ಫೋಟೋ ಕಾಣದ ಗೋಡೆಯಿಲ್ಲ. ಅಂಗಿಯ ಮೇಲೆ ಬಂತು, ಬಿಯರ್ ಲೋಟದ ಮೇಲೆ ಬಂತು, ಒಮ್ಮೆ ನನ್ನ ಹಲ್ಲಿನ ಡಾಕ್ಟರರ ಕೋಣೆಯಲ್ಲೂ ನೋಡಿದೆ. ಬಾಯಿ ತೆರೆದುಕೊಂಡು ಅಂಗಾತ ಮಲಗಿದ್ದವಳು ಏನು ತಾನೇ ಹೇಳಲಿ.

ಆ ಗಳಿಗೆಯಲ್ಲಿ ನಾನು ಕ್ಯಾಮೆರಾದ ಗುಂಡಿ ಒತ್ತಿದ್ದೆ. ಒತ್ತಿದ್ದನ್ನು ಈ ಬೆರಳು ಇನ್ನೂ ಮರೆತಿಲ್ಲ. ಇಬ್ಬರೂ ಒಂದೇ ಪತ್ರಿಕೆಯ ಫೋಟೋಗ್ರಾಫರುಗಳು, ಆದರೆ ಪಾಸ್ ಸಿಕ್ಕಿದ್ದು ಲಿವಿಯೋಗೆ, ವೇದಿಕೆಯ ಬುಡದಲ್ಲಿ ರಾಜನ ಹಾಗೆ ಕೂತಿದ್ದ. ನನಗೆ ಸಂಪಾದಕರು, 'ನೆವಿಯಾ, ಹೆಂಗಸರು ಅಲ್ಲೆಲ್ಲ ಬೇಡಮ್ಮ, ತುಳಿದುಹಾಕ್ತಾರೆ' ಎಂದರು. ನಾನೇ ಟಿಕೆಟ್ ಕೊಂಡು ಒಳಗೆ ಹೋಗಿ, ಎಡಗಡೆಯ ಮೂರನೇ ಕಂಬದ ಪಕ್ಕ, ಮೂರು ಸಾವಿರ ಜನರ ಬೆವರಿನಲ್ಲಿ ನಿಂತೆ. ಮಾರನೆಯ ದಿನ ಇಬ್ಬರ ಫಿಲ್ಮೂ ಪತ್ರಿಕೆಯ ಲ್ಯಾಬಿನಲ್ಲಿ ಒಂದೇ ತೊಟ್ಟಿಯಲ್ಲಿ ತೊಳೆದರು. ನನ್ನದರಲ್ಲಿ ಒಂದು ಪಟ್ಟಿ, ಆರು ಚಿತ್ರ, ವಾಪಸ್ ಬರಲೇ ಇಲ್ಲ. ಭಾನುವಾರದ ಪುಟದಲ್ಲಿ ಅವನ ಹೆಸರಿನ ಕೆಳಗೆ ಆ ಫೋಟೋ ಬಂತು. ಇನ್ನೇನು ವಿವರಣೆ ಬೇಕು?

ಸಂಜೆ ಸಂಗ್ರಹಾಲಯಕ್ಕೆ ಪತ್ರ ಬರೆದೆ. ಎರಡು ಪುಟ. ಸಾರ್ಡಿನ್ ತರುವುದು ಮರೆತುಹೋಯಿತು.

೨೨ ಫೆಬ್ರವರಿ, ಶುಕ್ರವಾರ

ಸಂಗ್ರಹಾಲಯದಿಂದ ಕರೆ ಬಂತು, ಹೋದೆ. ಪ್ರದರ್ಶನದ ಹೊಣೆ ಹೊತ್ತವಳು ತೆಯಾ ಎಂಬ ಮೂವತ್ತರ ಹುಡುಗಿ. ಮೂಗಿಗೆ ಉಂಗುರ, ಕಾಲಿಗೆ ಗಂಡಸರ ಬೂಟು. ಆ ಕಛೇರಿ ನಡೆದಾಗ ಇವಳು ಹುಟ್ಟಿರಲೇ ಇಲ್ಲ, ನನಗೇ ಅದರ ಇತಿಹಾಸ ಹೇಳಲು ಬಂದಳು.

"ಮೇಡಂ, ನಿಮ್ಮ ಪತ್ರ ನೋಡಿ ನಂಗೆ ಎರಡು ದಿನ ನಿದ್ದೆ ಬಂದಿಲ್ಲ. ಏನಾದ್ರೂ ಸಾಕ್ಷಿ ಇದೆಯಾ?"

"ಸಾಕ್ಷಿನ ಅವನೇ ಮೂವತ್ನಾಲ್ಕು ವರ್ಷದಿಂದ ಗೋಡೆಗೆ ನೇತುಹಾಕ್ಕೊಂಡಿದಾನಲ್ಲಾ."

"ಅವರನ್ನ ಕೇಳೋಣ ಅಂದ್ರೆ..." ಎಂದು ಹುಡುಗಿ ಬೂಟನ್ನೇ ನೋಡಿಕೊಂಡಳು. "ಅಕ್ಟೋಬರಲ್ಲಿ ಪಾರ್ಶ್ವವಾಯು ಹೊಡೀತಲ್ಲ, ಆವತ್ತಿಂದ ಮಾತೇ ಇಲ್ಲ."

ಗೊತ್ತಿತ್ತು. ಊರಿಗೆಲ್ಲ ಗೊತ್ತು. ಅವನಿಗೆ ಮಾತು ಹೋದರೆ ನನ್ನ ಫೋಟೋ ಅವನದಾಗುತ್ತದೆಯೇ?

"ಮುಂದಿನ ತಿಂಗಳು ಆ ತಂಡ ಮತ್ತೆ ಅದೇ ಭವನದಲ್ಲಿ ಹಾಡ್ತಿದೆ" ಎಂದೆ. "ಮೂವತ್ತು ವರ್ಷ ಮುಖ ನೋಡದೋರು ಈಗ ಒಟ್ಟಾಗಿದಾರೆ. ಅದೇ ಕಂಬ, ಅದೇ ಕ್ಯಾಮೆರಾ, ಫಿಲ್ಮೇ ಹಾಕ್ತೀನಿ. ಎದಿ ಮಂಡಿಯೂರೋ ಗಳಿಗೇಲಿ ಹೊಡೀತೀನಿ. ಎರಡನ್ನೂ ಪಕ್ಕಪಕ್ಕ ಇಡು. ಯಾರ ಕಣ್ಣು ಅದು ಅಂತ ಕುರುಡನಿಗೂ ಕಾಣುತ್ತೆ."

ಅಲ್ಲಿಯವರೆಗೆ ಪೋಸ್ಟರ್ ತೆಗೆಸುತ್ತೇನೆಂದಳು. ಬರುವಾಗ ನೋಡಿದರೆ ಆಗಲೇ ಒಬ್ಬ ಏಣಿ ಹಾಕಿ ಕೆರೆಯುತ್ತಿದ್ದ. ಎದಿಯ ಗಲ್ಲದ ತನಕ ಕಿತ್ತು ಬಂದಿತ್ತು. ನಿಂತು ಪೂರ್ತಿ ನೋಡಿದೆ.

೨೭ ಫೆಬ್ರವರಿ, ಬುಧವಾರ

ಪತ್ರಿಕೆಯಲ್ಲಿ ಬಂದಿದೆ! ಮೂರನೇ ಪುಟ. 'ನಗರದ ಪ್ರಸಿದ್ಧ ಚಿತ್ರ ಕದ್ದದ್ದೇ?' ನನ್ನ ಚಿಕ್ಕ ಫೋಟೋ ಹಾಕಿದ್ದಾರೆ. ತೆಗೆದವನಿಗೆ ಬೆಳಕು ಯಾವ ಕಡೆಯಿಂದ ಬರುತ್ತದೆಂದೇ ಗೊತ್ತಿಲ್ಲ, ಮುಖ ಬೇಯಿಸಿದ ಆಲೂಗಡ್ಡೆಯಂತಿದೆ.

ಬೇಕರಿಯವಳು ಒಂದು ಬ್ರೆಡ್ಡಿನ ಜೊತೆ ನಾಲ್ಕು ಪ್ರಶ್ನೆ ಕೊಟ್ಟಳು. ಕಾಫಿ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ತಲೆಯೆತ್ತಿ ನೋಡದವನು ಕುರ್ಚಿ ಎಳೆದುಕೊಟ್ಟ. ಈ ಜನಕ್ಕೆ ನ್ಯಾಯ ಬೇಡ, ಕಾಫಿಯ ಜೊತೆ ನೆಂಚಿಕೊಳ್ಳಲು ಏನಾದರೂ ಬೇಕು. ಇರಲಿ. ಎರಡು ಕಾಫಿ ಕುಡಿದೆ.

೫ ಮಾರ್ಚ್, ಮಂಗಳವಾರ

ಕಾರ್ನಿವಲ್ಲಿನ ಕೊನೆಯ ದಿನ. ಸೊಂಟಕ್ಕೆ ಗಂಟೆ ಕಟ್ಟಿಕೊಂಡ ಕುರಿಚರ್ಮದ ಗಂಡಸರು ಬೀದಿಬೀದಿ ಕುಣಿಯುತ್ತಿದ್ದರು. ಬಾಗಿಲು ಬಡಿದ ಸದ್ದು ಅದರಲ್ಲಿ ಕೇಳಿಸಿಯೇ ಇರಲಿಲ್ಲ. ತೆರೆದರೆ ಆರ್ಮಾಂದಾ, ಲಿವಿಯೋನ ಹೆಂಡತಿ. ಕೋಟಿನ ಗುಂಡಿ ಮೇಲೊಂದು ಕೆಳಗೊಂದು ಹಾಕಿಕೊಂಡಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ.

"ಒಂದೇ ಒಂದು ಮಾತು ಕೇಳ್ಬೇಕಿತ್ತು ನೆವಿಯಾ. ಮೂವತ್ನಾಲ್ಕು ವರ್ಷ ಇತ್ತಲ್ಲೇ ನಿಂಗೆ. ದಿನಾ ಕೋರ್ಸೋದಲ್ಲಿ ಎದುರಿಗೆ ಸಿಗ್ತಿದ್ದ. ನಾಲಗೆ ಇದ್ದಾಗ ಯಾಕೆ ಕೇಳ್ಲಿಲ್ಲ?"

"ಊರಿಗೆಲ್ಲ ಹೇಳಿದೀನಿ."

"ಊರಿಗೆ ಹೇಳಿದೀಯ. ಅವನಿಗೆ ಹೇಳಿದೀಯಾ?"

ಬೀದಿಯಲ್ಲಿ ಗಂಟೆಗಳು ಬಡಿದುಕೊಳ್ಳುತ್ತಿದ್ದವು.

"ಅವನ ಹತ್ರ ಉಳಿದಿರೋದು ಒಂದೇ ಪದ, ಗೊತ್ತಾ? 'ಆಮೇಲೆ.' ನೀರು ಬೇಕಾದ್ರೂ ಆಮೇಲೆ, ನೋವಾದ್ರೂ ಆಮೇಲೆ. ನನ್ನ ಹೆಸರು ಕೇಳಿದ್ರೂ ಆಮೇಲೆ. ಪೇಪರ್ ಬಚ್ಚಿಟ್ಟಿದ್ದೆ, ಯಾರೋ ಪುಣ್ಯಾತ್ಮ ಓದಿ ಹೇಳ್ದ. ಗೋಡೆ ಕಡೆ ಮುಖ ಮಾಡಿ ಮಲಗಿದಾನೆ, ನಾಲ್ಕು ದಿನ ಆಯ್ತು. ಊಟ ಇಲ್ಲ."

"ಕದ್ದೋನಿಗೆ ಹಸಿವಾಗಲ್ಲ" ಎಂದುಬಿಟ್ಟೆ.

ಅವಳು ಹೊಡೆಯುತ್ತಾಳೆಂದುಕೊಂಡೆ. ಹೊಡೆಯಲಿಲ್ಲ. ಗುಂಡಿಗಳನ್ನು ಸರಿಯಾಗಿ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು.

ನಾಟಕ. ಆ ಮನೆಯವರಿಗೆ ಅದು ಮೊದಲಿನಿಂದಲೂ ಚೆನ್ನಾಗಿ ಬರುತ್ತದೆ.

೬ ಮಾರ್ಚ್, ಬುಧವಾರ

ನಿನ್ನೆಯ ಆ ಮಾತು ಆಡಬಾರದಿತ್ತೇನೋ. ಆಡಿ ಆಯಿತು.

೧೧ ಮಾರ್ಚ್, ಸೋಮವಾರ

ಪಾಸ್ ಕೇಳಿ ತಂಡದ ಮ್ಯಾನೇಜರಿಗೆ ಬರೆದಿದ್ದೆ. ಎರಡು ಸಾಲಿನ ಉತ್ತರ ಬಂತು: ಒಪ್ಪಿಗೆ ಪಡೆದ ಆರು ಜನ ಫೋಟೋಗ್ರಾಫರುಗಳಿಗೆ ಮಾತ್ರ, ಅದೂ ಮೊದಲ ಮೂರು ಹಾಡು ಮಾತ್ರ, ಆಮೇಲೆ ಅವರೂ ಹೊರಗೆ. ವೃತ್ತಿಪರ ಕ್ಯಾಮೆರಾಗಳಿಗೆ ಸಭಾಂಗಣದಲ್ಲಿ ನಿಷೇಧ. ಎದಿ ಶ್ಕಾರಾ ಒಂದು ಕಾಲದಲ್ಲಿ ವೇದಿಕೆಯಿಂದ ನನ್ನ ಮೇಲೆ ಬಿಯರ್ ಉಗುಳಿದ್ದ. ಈಗ ಅವನಿಗೆ ನಿಯಮಾವಳಿ ಇದೆ.

ಟಿಕೆಟ್ ಕೊಂಡೆ. ಪಾಸ್ ಇಲ್ಲದಿದ್ದರೆ ಜನರ ನಡುವಿನಿಂದ. ನನಗೇನು ಹೊಸತೇ.

ಹಳೆಯ ನಿಕಾನ್ ಕ್ಯಾಮೆರಾವನ್ನು ಬಿಚ್ಚಿ ಒರೆಸಿದೆ. ಶಟರಿನ ಸದ್ದು ಇನ್ನೂ ಬಾಗಿಲ ಚಿಲಕದಂತಿದೆ. ಮೂರು ರೋಲು ಕಪ್ಪು ಬಿಳುಪು ತರಿಸಿದೆ, ನೂರೆಂಟು ಚಿತ್ರ. ಬೆಳಕು ಹಿಡಿಯುವ ವೇಗ ನಾನೂರಿರುವ ಫಿಲ್ಮಿಗೆ ಸಾವಿರದ ಆರುನೂರು ಎಂದು ಸುಳ್ಳು ಹೇಳಿ ಕತ್ತಲಲ್ಲಿ ಹೊಡೆಯುವುದು, ಆಮೇಲೆ ಡೆವಲಪರಿನಲ್ಲಿ ಹೆಚ್ಚು ಹೊತ್ತು ಬೇಯಿಸಿ ಆ ಸುಳ್ಳನ್ನು ನಿಜ ಮಾಡುವುದು. ಈಗಿನವರಿಗೆ ಹೇಳಿದರೆ ಅಡುಗೆ ಎಂದುಕೊಳ್ಳುತ್ತಾರೆ.

೧೭ ಮಾರ್ಚ್, ಭಾನುವಾರ ಬೆಳಿಗ್ಗೆ

ಕಿವಿಯಲ್ಲಿ ಇನ್ನೂ ಶಿಳ್ಳೆ. ಎಡಮಂಡಿ ಕುಂಬಳಕಾಯಿಯಾಗಿದೆ. ನಿನ್ನೆಯದನ್ನು ಮರೆಯುವ ಮೊದಲು ಬರೆಯಬೇಕು.

ಬಾಗಿಲಲ್ಲಿ ಕಾವಲಿನವನು ಚೀಲದೊಳಗೆ ಕೈಹಾಕಿ ಕ್ಯಾಮೆರಾ ತೆಗೆದ. ತಿರುಗಿಸಿ ನೋಡಿದ, ಹಿಂದೆ ಪರದೆ ಹುಡುಕಿದ.

"ಅಜ್ಜೀ, ಇದು ಕೆಲಸ ಮಾಡುತ್ತಾ?"

"ನಿನ್ನ ತಲೆಗಿಂತ ಚೆನ್ನಾಗಿ."

ಅವನು ನಕ್ಕು ಚೀಲದೊಳಗೆ ಹಾಕಿಕೊಟ್ಟ. ವೃತ್ತಿಪರ ಕ್ಯಾಮೆರಾ ಅಲ್ಲವಂತೆ, ಅಜ್ಜಿಯ ನೆನಪಿನ ವಸ್ತುವಂತೆ. ಇಪ್ಪತ್ತಾರು ವರ್ಷ ಪತ್ರಿಕೆಗೆ ದುಡಿದ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ, ಆದರೆ ಒಳಗಂತೂ ಬಂತು.

ಒಳಗೆ ನನ್ನ ವಯಸ್ಸಿನ ಹೊಟ್ಟೆಗಳು ಹಳೆಯ ಅಂಗಿಯೊಳಗೆ ತೂರಿಕೊಂಡು ನಿಂತಿದ್ದವು. ಒಂದು ಕಾಲದಲ್ಲಿ ಕೂದಲು ಬೀಸುತ್ತಿದ್ದವರು ಈಗ ಬೋಳುತಲೆ ಬೀಸುತ್ತಿದ್ದರು. ದೀಪ ಆರಿದ್ದೇ ತಡ ಮೂರು ಸಾವಿರ ಫೋನುಗಳು ಮೇಲೆದ್ದವು. ಇವರು ಕೇಳಲು ಬಂದವರಲ್ಲ, ಬಂದಿದ್ದೆವೆಂದು ತೋರಿಸಲು ಬಂದವರು.

ಮೂರನೇ ಕಂಬದ ಹತ್ತಿರ ಹೋಗಲು ಅರ್ಧ ಗಂಟೆ ಹಿಡಿಯಿತು. ಅಲ್ಲಿ ಆಗಲೇ ಒಬ್ಬ ಹೆಂಗಸು ಬೇರು ಬಿಟ್ಟಿದ್ದಳು. ಐವತ್ತೈದರ ಆಸುಪಾಸು, ಬಾಗಿಲಷ್ಟು ಅಗಲ. ನೋಡಿದರೆ ಮೀನು ಮಾರುಕಟ್ಟೆಯ ಮೇರಿ, ನನಗೆ ಸಾರ್ಡಿನ್ ತೂಗುವವಳು.

"ಅಯ್ಯೋ, ನೆವಿಯಾ ಮೇಡಂ! ಪೇಪರಲ್ಲಿ ಬಂದಿದ್ರಲ್ಲಾ!" ಎಂದು ಕಿರುಚಿ, ಸುತ್ತ ನಿಂತವರನ್ನು ಮೊಣಕೈಯಿಂದ ಗುದ್ದತೊಡಗಿದಳು. "ಸರಿಯ್ರೋ, ಸರಿಯ್ರೋ! ಅಜ್ಜಿಗೆ ಜಾಗ ಬಿಡಿ! ಅಜ್ಜಿ ಫೋಟೋ ಹೊಡೀಬೇಕು!"

ನನಗಿಂತ ಬರಿ ಆರು ವರ್ಷ ಚಿಕ್ಕವಳು. ಅಜ್ಜಿ!

ಮೊದಲ ಮೂರು ಹಾಡಿಗೆ ವೇದಿಕೆಯ ಬುಡದಲ್ಲಿ ಆರು ಜನ ಒಪ್ಪಿಗೆದಾರರು ಮಿಡತೆಗಳ ಹಾಗೆ ನೆಗೆದಾಡಿ ಹೊರಗೆ ಹೋದರು. ಎದಿ ಸೊಂಟಕ್ಕೆ ಪಟ್ಟಿ ಕಟ್ಟಿದ್ದ, ಅಂಗಿಯೊಳಗಿಂದ ಕಾಣುತ್ತಿತ್ತು. ಏರುದನಿ ಬರುವ ಜಾಗದಲ್ಲೆಲ್ಲ ಮೈಕನ್ನು ಜನರತ್ತ ಚಾಚಿಬಿಡುತ್ತಿದ್ದ. ಜನ ಅದನ್ನು ಪ್ರೀತಿ ಎಂದುಕೊಂಡರು. ಉಸಿರಿಲ್ಲ ಅವನಿಗೆ, ಅಷ್ಟೆ.

ನಾನು ಹೊಡೆದೆ. ಮುಂದಿನವನ ತಲೆ, ಮೇಲೆದ್ದ ಕೈ, ಫೋನು, ಇವುಗಳ ನಡುವೆ ಒಂದು ಅಂಗಡಿಯ ಕಿಂಡಿಯಷ್ಟು ಜಾಗ ತೆರೆದುಕೊಳ್ಳುತ್ತದೆ, ಮುಚ್ಚಿಕೊಳ್ಳುತ್ತದೆ. ತೆರೆದಿರುವಷ್ಟರಲ್ಲಿ ಬೆಳಕನ್ನು ಊಹಿಸಿ, ದೂರವನ್ನು ಊಹಿಸಿ ಒತ್ತಬೇಕು. ಏನು ಬಂತೆಂದು ನೋಡುವ ಹಾಗಿಲ್ಲ. ಎರಡನೇ ರೋಲು ಹಾಕುವಾಗ ಮೇರಿ ನನ್ನ ಸುತ್ತ ಎರಡೂ ಕೈ ಗೋಡೆ ಮಾಡಿ ನಿಂತಳು. ಮೈಯಿಂದ ಮೀನಿನ ವಾಸನೆ, ಸೆಂಟಿನ ವಾಸನೆ, ಎರಡೂ.

ಕೊನೆಯ ಹಾಡಿಗೆ ಎದಿ ಮಂಡಿಯೂರಿದ. ಮೂವತ್ನಾಲ್ಕು ವರ್ಷದ ಹಿಂದಿನ ಅದೇ ಹಾಡು, ಅದೇ ಸಾಲು. ಉಸಿರು ಹಿಡಿದು ಒತ್ತಿದೆ. ಸಿಕ್ಕಿತು. ಸಿಕ್ಕಾಗ ಹೊಟ್ಟೆಯೊಳಗೆ ಗೊತ್ತಾಗುತ್ತದೆ.

ಆದರೆ ಹಾಡು ಮುಗಿದರೂ ಅವನು ಏಳಲಿಲ್ಲ. ಏಳಲಾಗಲಿಲ್ಲ. ಒಮ್ಮೆ ಪ್ರಯತ್ನಿಸಿ ಕೂತ. ಜನ ಅದನ್ನೂ ಅಭಿನಯವೆಂದುಕೊಂಡು ಚಪ್ಪಾಳೆ ಹೊಡೆದರು. ಆಗ ಮೂವತ್ತು ವರ್ಷ ಅವನೊಡನೆ ಮಾತು ಬಿಟ್ಟಿದ್ದ ಗಿಟಾರಿನವನು ವಾದ್ಯವನ್ನು ಬೆನ್ನಿಗೆ ಸರಿಸಿ, ಕಂಕುಳಿಗೆ ಕೈಕೊಟ್ಟು ಎತ್ತಿದ. ಎದಿ ಅವನ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ನಕ್ಕರು. ನೂರೆಂಟನೆಯ ಚಿತ್ರ ಅದಕ್ಕೆ ಹೋಯಿತು. ಅದನ್ನೇಕೆ ತೆಗೆದೆನೋ.

ಮೇರಿ ಅಳುತ್ತಿದ್ದಳು. ಕಂಬಕ್ಕೆ ಮೂಗು ಒರೆಸಿದಳು. ಥೂ.

೧೮ ಮಾರ್ಚ್, ಸೋಮವಾರ

ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊಡೆದು ಮೂರೂ ರೋಲು ತೊಳೆದೆ. ಮಧ್ಯಾಹ್ನಕ್ಕೆ ಒಣಗಿದವು. ಎದಿ ಮಂಡಿಯೂರಿದ್ದು ಚೆನ್ನಾಗಿ ಬಂದಿದೆ, ಫಿಲ್ಮಿನ ಕಾಳು ಮರಳಿನಂತೆ, ಕಪ್ಪು ಕಪ್ಪಾಗಿ, ಬಿಳುಪು ಬಿಳುಪಾಗಿ. ದೊಡ್ಡದಾಗಿ ಮುದ್ರಿಸಿ, ಅಂದಿನ ಭಾನುವಾರದ ಪುಟದಿಂದ ಕತ್ತರಿಸಿಟ್ಟಿದ್ದ ಹಳೆಯ ಫೋಟೋವನ್ನು ಮೇಜಿನ ಮೇಲೆ ಹರಡಿ, ಪಕ್ಕದಲ್ಲಿಟ್ಟೆ.

ಹಳೆಯದರಲ್ಲಿ ಎದಿಯ ಬೆನ್ನ ಹಿಂದೆ ಡ್ರಮ್ಮರ್ ಇದ್ದಾನೆ. ನನ್ನದರಲ್ಲಿ ಬೆಂಕಿ ಬಿದ್ದಾಗ ತೆರೆಯುವ ಕಬ್ಬಿಣದ ಬಾಗಿಲಿದೆ. ಡ್ರಮ್ಮರ್ ಚಿತ್ರದಲ್ಲೇ ಇಲ್ಲ. ಮೂರನೇ ಕಂಬದಿಂದ ಹೊಡೆದ ನೂರೆಂಟರಲ್ಲಿ ಒಂದರಲ್ಲೂ ಡ್ರಮ್ಮರ್ ಅವನ ಬೆನ್ನ ಹಿಂದಿಲ್ಲ. ಒಂದೋ ಎಡತುದಿಗೆ ದೂರದಲ್ಲಿದ್ದಾನೆ, ಇಲ್ಲವೇ ಚಿತ್ರದಲ್ಲೇ ಇಲ್ಲ.

ಹಳೆಯದರಲ್ಲಿ ಎದಿಯ ಗಲ್ಲದ ಅಡಿಭಾಗ ಕಾಣುತ್ತದೆ. ಕೆಳಗಿನಿಂದ ತೆಗೆದದ್ದು. ನಾನು ಕುಳ್ಳಿ, ಅದಕ್ಕೇ ಹಾಗೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೇನೆ. ನನ್ನ ಮೊನ್ನೆಯ ಚಿತ್ರದಲ್ಲಿ ಗಲ್ಲದ ಅಡಿ ಕಾಣುವುದಿಲ್ಲ. ಅಷ್ಟೇ ಕುಳ್ಳಿಯಾಗಿದ್ದೇನೆ, ಇನ್ನೂ ಒಂದು ಬೆರಳು ಕಡಿಮೆಯೇ ಆಗಿದ್ದೇನೆ.

ವೇದಿಕೆಯ ಜಾಗ ಬದಲಾಗಿರಬೇಕು. ಹೌದು, ಅದೇ.

೨೧ ಮಾರ್ಚ್, ಗುರುವಾರ

ಗುಡ್ಡ ಹತ್ತಿ ಕ್ರೀಡಾಭವನಕ್ಕೆ ಹೋದೆ. ತೋನೆ ಎಂಬ ಮುದುಕ ಅಲ್ಲಿ ಎಪ್ಪತ್ತೆಂಟರಿಂದ ಮೇಲ್ವಿಚಾರಕ. ನೆಲ ಗುಡಿಸುತ್ತಿದ್ದ.

"ಎಂಬತ್ತೈದರಲ್ಲಿ ವೇದಿಕೆ ಎಲ್ಲಿ ಹಾಕಿದ್ರಿ?"

"ಎಲ್ಲಿ ಅಂದ್ರೆ? ಇಲ್ಲೇ."

"ಆ ಕಡೆ ಇತ್ತಲ್ವಾ? ಒಂದು ಹತ್ತು ಹೆಜ್ಜೆ?"

ಅವನು ಪೊರಕೆಯ ಮೇಲೆ ಗಲ್ಲ ಊರಿ ನನ್ನನ್ನು ದಿಟ್ಟಿಸಿದ. "ತಾಯಿ, ಬೋಲ್ಟು ಕಾಂಕ್ರೀಟೊಳಗೆ ಕೂತಿವೆ. ಬನ್ನಿ, ಬೇಕಾದ್ರೆ ಮುಟ್ಟಿ ನೋಡಿ. ಕಟ್ಟಿದ ದಿನದಿಂದ ಒಂದು ಇಂಚು ಆಚೀಚೆ ಆಗಿಲ್ಲ."

"ಡ್ರಮ್ಸು?"

"ನಡುಮಧ್ಯ. ಇನ್ನೆಲ್ಲಿ ಇಡ್ತಾರೆ, ಕಕ್ಕಸಿನಲ್ಲಾ?" ಆಮೇಲೆ ಸ್ವಲ್ಪ ಮೆತ್ತಗೆ, "ನೀವು ಮೂರನೇ ಕಂಬದ ಹತ್ರಾನೇ ನಿಂತಿದ್ರಿ. ನಂಗೂ ನೆನಪಿದೆ. ಇಡೀ ಕಛೇರೀಲಿ ಕ್ಯಾಮೆರಾ ಹಿಡಿದ ಹೆಂಗಸು ನೀವೊಬ್ಬರೇ, ಯಾವನಿಗೋ ಮೊಣಕೈಲಿ ಗುದ್ದಿ ಹಲ್ಲು ಉದುರಿಸಿದ್ರಿ."

ಹಲ್ಲಿನ ವಿಷಯ ನನಗೆ ಮರೆತೇಹೋಗಿತ್ತು.

ಬೋಲ್ಟುಗಳನ್ನು ಮುಟ್ಟಿ ನೋಡಿದೆ.

೨೫ ಮಾರ್ಚ್, ಸೋಮವಾರ

ಜೂಗೊ ಗಾಳಿ. ಗೋಡೆಗಳೆಲ್ಲ ಬೆವರುತ್ತಿವೆ. ಈ ದಕ್ಷಿಣದ ಗಾಳಿ ಬೀಸುವಾಗ ಊರಿನಲ್ಲಿ ಯಾರೂ ತೀರ್ಮಾನ ಮಾಡಬಾರದು ಎನ್ನುತ್ತಾರೆ. ಮಾಡಲಿಲ್ಲ.

೨೯ ಮಾರ್ಚ್, ಶುಕ್ರವಾರ

ತೆಯಾ ನಾಲ್ಕು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಬೇಕರಿಗೆ ಬೇರೆ ದಾರಿಯಲ್ಲಿ ಹೋಗುತ್ತಿದ್ದೇನೆ.

ನಾನು ಗುಂಡಿ ಒತ್ತಿದ್ದು ನಿಜ. ಅದೇ ಗಳಿಗೆಯಲ್ಲಿ ಒತ್ತಿದ್ದೂ ನಿಜ. ಆದರೆ ನನ್ನ ಚಿತ್ರದಲ್ಲಿ ಎದಿಯ ಹಿಂದೆ ಒಂದು ಕಬ್ಬಿಣದ ಬಾಗಿಲಿತ್ತು. ಅಷ್ಟೇ. ಡ್ರಮ್ಮರ್ ಇದ್ದದ್ದು ಲಿವಿಯೋನ ಚಿತ್ರದಲ್ಲಿ. ಅವನ ಚಿತ್ರವನ್ನು ಅಷ್ಟು ಸಲ ನೋಡಿ ನೋಡಿ ನನ್ನ ಕಣ್ಣು ಅದನ್ನೇ ತನ್ನದೆಂದು ಇಟ್ಟುಕೊಂಡುಬಿಟ್ಟಿತು.

ಬರೆದದ್ದನ್ನು ಓದಿದೆ. ಎಷ್ಟು ಸಲೀಸಾಗಿದೆ ಬರೆಯುವುದಕ್ಕೆ! ಮೂರ್ಖಳು.

೨ ಏಪ್ರಿಲ್, ಮಂಗಳವಾರ

ಹೋದೆ.

ಅವರ ಮನೆ ನಾಲ್ಕನೇ ಮಹಡಿ, ಲಿಫ್ಟಿಲ್ಲ. ಮಂಡಿ ಹಿಡಿದುಕೊಂಡು ಪ್ರತಿ ಮಹಡಿಗೂ ಅವನನ್ನು ಬೈದುಕೊಂಡು ಹತ್ತಿದೆ. ಆರ್ಮಾಂದಾ ಬಾಗಿಲು ತೆರೆದು ನನ್ನನ್ನೂ ನನ್ನ ಕೈಯ ಲಕೋಟೆಯನ್ನೂ ನೋಡಿದಳು.

"ಇನ್ನೇನು ಬಾಕಿ ಇದೆ?"

"ಅವನ ಹತ್ರ ಮಾತಾಡ್ಬೇಕು. ಊರಿನ ಹತ್ರ ಅಲ್ಲ."

ಅವಳು ಬಹಳ ಹೊತ್ತು ದಾರಿ ಬಿಡಲಿಲ್ಲ. ಆಮೇಲೆ ಬಿಟ್ಟಳು, ತಾನು ಅಡುಗೆಮನೆಗೆ ಹೋದಳು.

ಲಿವಿಯೋ ಕಿಟಕಿಯ ಬಳಿ ಕೂತಿದ್ದ. ಆರಡಿ ಮನುಷ್ಯ, ಕೋರ್ಸೋದಲ್ಲಿ ಕ್ಯಾಮೆರಾ ತೂಗುಹಾಕಿಕೊಂಡು ಕೋಳಿಹುಂಜದಂತೆ ನಡೆಯುತ್ತಿದ್ದವನು, ಕುರ್ಚಿಯ ಒಂದೇ ಬದಿಗೆ ಸುರಿದುಹೋಗಿದ್ದ. ಬಲಗೈ ಮಡಿಲಲ್ಲಿ ಯಾರೋ ಇಟ್ಟುಹೋದ ಕೈಗವಸಿನ ಹಾಗಿತ್ತು. ನನ್ನನ್ನು ನೋಡಿ ಮುಖ ತಿರುಗಿಸಿಕೊಂಡ.

ಕೂತುಕೊಳ್ಳೆಂದು ಹೇಳುವವರಿರಲಿಲ್ಲ, ನಿಂತೇ ಹೇಳಿದೆ. ಕಂಬ, ಡ್ರಮ್ಮರ್, ಬಾಗಿಲು, ಬೋಲ್ಟು ಎಲ್ಲವನ್ನೂ. ಎರಡೂ ಚಿತ್ರಗಳನ್ನು ಅವನ ಮುಂದಿನ ಮೇಜಿನ ಮೇಲಿಟ್ಟೆ.

"ಫೋಟೋ ನಿಂದು. ನಾನು ಕಳ್ಳ ಅಂದಿದ್ದು ತಪ್ಪು. ಮೂವತ್ನಾಲ್ಕು ವರ್ಷ ತಪ್ಪು. ಅಷ್ಟೇ ಹೇಳೋಕೆ ಬಂದೆ."

ಅವನು ಎಡಗೈಯಿಂದ ನನ್ನ ಚಿತ್ರವನ್ನು ಎಳೆದುಕೊಂಡ. ಹತ್ತಿರ ಹಿಡಿದ, ದೂರ ಹಿಡಿದ. ಹಳೆಯದನ್ನು ನೋಡಿದ. ಮತ್ತೆ ನನ್ನನ್ನು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಬಾಯಿ ತೆರೆದ, ಮುಚ್ಚಿದ. 'ಆಮೇಲೆ' ಎನ್ನುತ್ತಾನೆಂದುಕೊಂಡೆ.

"ಮುದಿಗತ್ತೆ!" ಎಂದ.

ಸ್ಪಷ್ಟವಾಗಿ. ಒತ್ತಕ್ಷರ ಸಮೇತ.

ಅಡುಗೆಮನೆಯಲ್ಲಿ ಏನೋ ಬಿದ್ದು ಒಡೆಯಿತು. ಆರ್ಮಾಂದಾ ಒದ್ದೆ ಕೈಯಲ್ಲೇ ಓಡಿಬಂದಳು.

"ಏನಂದೆ? ಲಿವಿಯೋ, ಏನಂದೆ? ಇನ್ನೊಂದ್ಸಲ ಅನ್ನು!"

"ಮುದಿಗತ್ತೆ" ಎಂದ ಅವನು, ನನ್ನನ್ನೇ ನೋಡುತ್ತ. ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಬೆಚ್ಚಿದ್ದ. "ಮುದಿಗತ್ತೆ. ಮುದಿಗತ್ತೆ."

ಆರ್ಮಾಂದಾ ಅವನ ತಲೆಯನ್ನು ಹೊಟ್ಟೆಗೆ ಅವುಚಿಕೊಂಡು ಅತ್ತಳು. ಐದು ತಿಂಗಳ ಮೇಲೆ ಬಂದ ಹೊಸ ಪದವಂತೆ. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಹೊರಡಲು ತಿರುಗಿದರೆ, ಅವಳು ತೋಳು ಹಿಡಿದು ಕೂರಿಸಿ ಕಾಫಿ ಕೊಟ್ಟಳು. ಆಗ ಹೇಳಿದಳು: ವಾಪಸ್ ಬಾರದ ನನ್ನ ಆ ಫಿಲ್ಮ್ ಪಟ್ಟಿಯನ್ನು ಲ್ಯಾಬಿನವನೇ ಹಾಳು ಮಾಡಿದ್ದ. ತೊಳೆಯುವಾಗ ಹರಿದು, ಹೆದರಿ ಎಸೆದಿದ್ದ. ಲಿವಿಯೋ ಕಣ್ಣಾರೆ ಕಂಡಿದ್ದ.

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಲ್ಯಾಬಿನವನ ಕೆಲಸ ಹೋಗ್ತಿತ್ತು. ಮೂರು ಮಕ್ಕಳಿದ್ವು ಅವನಿಗೆ. ಇವನು ಅಂದ, ನೆವಿಯಾ ನನ್ನ ಹೇಗೂ ದ್ವೇಷಿಸ್ತಾಳೆ, ಇನ್ನೊಂದು ಕಾರಣ ಇರ್ಲಿ ಬಿಡು ಅಂತ."

ಮಹಾ ಹುತಾತ್ಮ! ಇಂಥ ದೊಡ್ಡತನ ಕಂಡರೆ ಮೈಯುರಿಯುತ್ತದೆ ನನಗೆ. ಒಂದು ಮಾತು ಹೇಳಿದ್ದರೆ ಇಬ್ಬರಿಗೂ ಇಷ್ಟು ವರ್ಷ ಉಳಿಯುತ್ತಿತ್ತು. ಇಳಿಯುವಾಗ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಮಂಡಿಯ ದೆಸೆಯಿಂದ.

೩ ಏಪ್ರಿಲ್, ಬುಧವಾರ

ತೆಯಾಳಿಗೆ ನಿಜ ಹೇಳಿದೆ. ಹುಡುಗಿ ನನ್ನ ಬಗ್ಗೆ ಅಯ್ಯೋ ಎನ್ನುವ ಮುಖ ಮಾಡಿದಳು. ಅದನ್ನು ಬಿಟ್ಟು ಬೇರೇನಾದರೂ ಮಾಡು ಎಂದೆ. ಪೋಸ್ಟರ್ ಮತ್ತೆ ಅಂಟಿಸುತ್ತಾಳೆ.

ಪತ್ರಿಕೆಗೂ ಬರೆದುಕೊಟ್ಟೆ. ಆರೋಪಕ್ಕೆ ಮೂರನೇ ಪುಟ ಕೊಟ್ಟಿದ್ದರು, ತಪ್ಪೊಪ್ಪಿಗೆಗೆ ಹದಿನೇಳನೇ ಪುಟವಂತೆ, ಕಾರಿನ ಜಾಹೀರಾತಿನ ಪಕ್ಕ.

೧೩ ಏಪ್ರಿಲ್, ಶನಿವಾರ

ನಿನ್ನೆ ಉದ್ಘಾಟನೆ. ಹದಿನೇಳನೇ ಪುಟವನ್ನು ಯಾರೂ ಓದಿರುವುದಿಲ್ಲವೆಂದು ನಾನೇ ಎದ್ದು ನಿಂತು ಹೇಳಿದೆ. ಮೈಕ್ ಬೇಡವೆಂದೆ. ಇನ್ನೂರು ಜನ ವೈನ್ ಲೋಟ ಹಿಡಿದು, ತಿನ್ನುವುದನ್ನು ನಿಲ್ಲಿಸಿ ನೋಡಿದರು. ಕೊನೆಯಲ್ಲಿ ಬೇಕರಿಯವಳು ಚಪ್ಪಾಳೆ ತಟ್ಟಿದಳು. ಯಾವುದಕ್ಕೋ ಗೊತ್ತಿಲ್ಲ. ಪಕ್ಕದವಳು ಕೈ ಹಿಡಿದು ನಿಲ್ಲಿಸಿದಳು. ಕಾಫಿ ಅಂಗಡಿಯವನು ನನ್ನನ್ನು ನೋಡಿ ಬೆನ್ನು ತಿರುಗಿಸಿದ. ಅದು ಅವನಿಗೆ ಅಭ್ಯಾಸವಿದೆ.

ಗಾಲಿಕುರ್ಚಿಯಲ್ಲಿ ಲಿವಿಯೋ ಇದ್ದ. ನಾನು ಹತ್ತಿರ ಹೋದಾಗ ನಗರಾಧ್ಯಕ್ಷರ ಮುಂದೆಯೇ ತನ್ನ ಪದವನ್ನು ಹೇಳಿದ. ನಗರಾಧ್ಯಕ್ಷರು ತಮಗೆಂದುಕೊಂಡರು.

ಮಾತು ಕಲಿಸುವ ಡಾಕ್ಟರಮ್ಮ ಅಲ್ಲಿಗೆ ಬಂದಿದ್ದಳು. ನನ್ನನ್ನು ಮೂಲೆಗೆ ಕರೆದಳು. ಬೈಗುಳ ಮಿದುಳಿನ ಬೇರೆ ಜಾಗದಲ್ಲಿರುತ್ತದಂತೆ, ಮಾತು ಹೋದರೂ ಅದು ಉಳಿದಿರುತ್ತದಂತೆ. "ನಿಮ್ಮನ್ನ ನೋಡಿದ್ರೆ ಅವರಿಗೆ ರೇಗುತ್ತೆ. ರೇಗಿದ್ರೆ ಬಾಯಿ ಬಿಡ್ತಾರೆ. ಆಗಾಗ ಬರ್ತೀರಾ?"

ನನಗೆ ಬೇರೆ ಕೆಲಸವಿಲ್ಲವೇ?

೧೫ ಏಪ್ರಿಲ್, ಸೋಮವಾರ

ಹೋಗಿದ್ದೆ. 'ಮುದಿಗತ್ತೆ' ಆರು ಸಲ. 'ಕುಳ್ಳಿ' ಒಂದು ಸಲ.

೧೬ ಏಪ್ರಿಲ್, ಮಂಗಳವಾರ

'ಕುಳ್ಳಿ' ಮೂರು. ನಾನು ಅವನ ಮದುವೆಯ ಫೋಟೋಗಳ ಆಲ್ಬಮ್ ತೆಗೆದು, ಎಲ್ಲರೂ ಹಲ್ಲುನೋವು ಬಂದವರ ಹಾಗಿದ್ದಾರೆ ಎಂದೆ. ತಟ್ಟನೆ ಇನ್ನೊಂದು ಬೈಗುಳ ಬಂತು, ಅದನ್ನು ಇಲ್ಲಿ ಬರೆಯುವುದಿಲ್ಲ. ಆರ್ಮಾಂದಾ ಸಂತೋಷದಿಂದ ಶಿಲುಬೆಯ ಗುರುತು ಮಾಡಿಕೊಂಡಳು.

೨೬ ಏಪ್ರಿಲ್, ಶುಕ್ರವಾರ

ನಾಲ್ಕು ಮಹಡಿ, ದಿನಾ. ಮಂಡಿಗೆ ಹೊಸ ಮುಲಾಮು ಹಚ್ಚುತ್ತಿದ್ದೇನೆ.

ಇವತ್ತು ನನ್ನ ಹಳೆಯ ಪೆಟ್ಟಿಗೆಯಿಂದ ಒಂದು ಮುದ್ರಣ ಒಯ್ದಿದ್ದೆ, ತೊಂಬತ್ತೊಂದರ ಒಂದು ಕಛೇರಿಯದು, ಜನರ ನಡುವಿನಿಂದ ತೆಗೆದದ್ದು. ಒಳ್ಳೆಯದೆಂದೇ ಇಷ್ಟು ವರ್ಷ ಇಟ್ಟುಕೊಂಡಿದ್ದೆ. ಅವನ ಮೂಗಿನ ಮುಂದೆ ಹಿಡಿದು, "ನೋಡು, ಇಂಥದ್ದು ನಿನ್ನ ಜನ್ಮದಲ್ಲಿ ಒಂದು ತೆಗೆದಿದೀಯಾ?" ಎಂದೆ.

ಅವನು ನೋಡಿದ. ಬಹಳ ಹೊತ್ತು ನೋಡಿದ. ಹಣೆಯಲ್ಲಿ ಬೆವರು ಮೂಡಿತು. ಆರ್ಮಾಂದಾ ಬಾಗಿಲಲ್ಲಿ ಬಂದು ನಿಂತಳು.

"ಕೈ" ಎಂದ. ನಿಂತ. "ಕೈ... ನಡುಗಿದೆ." ಇನ್ನೂ ಏನೋ ಬರುವುದಿತ್ತು, ಕಾದೆವು. "ಕಳಪೆ... ಕೆಲಸ."

ನಾಲ್ಕು ಪದ! ಅದೂ ಕ್ರಿಯಾಪದ ಸಮೇತ. ಆರ್ಮಾಂದಾ ಕುರ್ಚಿಯ ಮೇಲೆ ಕೂತುಬಿಟ್ಟಳು.

ಮನೆಗೆ ಬಂದು ಭೂತಗನ್ನಡಿ ಇಟ್ಟು ನೋಡಿದೆ. ನಡುಗಿದೆ. ಹಾಳಾದವನು, ಕಣ್ಣು ಮಾತ್ರ ಇನ್ನೂ ನೆಟ್ಟಗಿದೆ.

ಪೆಟ್ಟಿಗೆಯನ್ನೆಲ್ಲ ಹಾಸಿಗೆಯ ಮೇಲೆ ಸುರಿದುಕೊಂಡು ಕೂತಿದ್ದೇನೆ. ನಾಳೆ ಇದಕ್ಕಿಂತ ಕೆಟ್ಟದ್ದನ್ನು ಒಯ್ಯಬೇಕು, ನಾಡಿದ್ದು ಇನ್ನೂ ಕೆಟ್ಟದ್ದನ್ನು. ಮೂವತ್ತು ವರ್ಷದ ಕೆಲಸ ಇಲ್ಲಿದೆ. ಬೇಸಿಗೆ ಕಳೆಯುವವರೆಗೆ ಸಾಕಾಗುತ್ತದೆ.